ವಿಶ್ವವಿದ್ಯಾಲಯದ ಸಂಶೋಧನೆ ಮತ್ತು ನಮ್ಮ ಅಂಗಡಿಯ ಕಟ್ಟೆ

ನರವಿಜ್ಞಾನ, ರೋಗನಿರೋಧ ವಿಜ್ಞಾನ, ಸಸ್ಯವಿಜ್ಞಾನ, ಕ್ವಾಂಟಮ್ ಭೌತವಿಜ್ಞಾನ ಎಂಬ ಹೆಸರುಗಳನ್ನು ಒಂದೇ ಸಾಲಿನಲ್ಲಿ ಕಂಡ ವರ್ತಕ ಬಂಧುಗಳು ಈ ಪುಟವನ್ನು ಮಗುಚಿ ಪೇಟೆ ಧಾರಣೆಯ ಪುಟಕ್ಕೆ ಹೋಗುವುದು ಸಹಜ. ಇವೆಲ್ಲ ಬೆಂಗಳೂರಿನ ಪ್ರಯೋಗಾಲಯಗಳ ಮಾತುಗಳು. ಯಾದಗಿರಿಯ ಅಡತ್ ಅಂಗಡಿಗೆ, ಶಹಾಪುರದ ಜಿನ್ನಿಂಗ್ ಕಾರ್ಖಾನೆಗೆ, ಸುರಪುರದ ಬೀಜ ಗೊಬ್ಬರದ ಅಂಗಡಿಗೆ ಇವುಗಳಿಂದ ಆಗಬೇಕಾದುದೇನು ಎಂಬ ಪ್ರಶ್ನೆ ನ್ಯಾಯವಾದುದೇ ಆಗಿದೆ. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ಅಭಿಪ್ರಾಯವನ್ನು ಮೊದಲೇ ತಿಳಿಸುವುದು ಲೇಸು. ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆ ನಮ್ಮ ಜಿಲ್ಲೆಯ ರೈತನಿಗೂ ಕಾರ್ಮಿಕನಿಗೂ ಬಹುತೇಕ ನಮ್ಮ ಅಂಗಡಿಯ ಕಟ್ಟೆಯ ಮೂಲಕವೇ ತಲುಪುತ್ತದೆ. ಬೀಜದ ಚೀಲವಾಗಿ, ಔಷಧದ ಡಬ್ಬಿಯಾಗಿ, ಯಂತ್ರವಾಗಿ, ಮೊಬೈಲಿನ ಹಣ ಪಾವತಿಯಾಗಿ ಅದು ಬರುತ್ತದೆ. ಕಟ್ಟೆಯ ಮೇಲೆ ಕುಳಿತವನಿಗೆ ಅದರ ಅರ್ಥ ತಿಳಿಯದೆ ಹೋದರೆ ಅದರ ನಷ್ಟವೂ ಅದೇ ಕಟ್ಟೆಗೆ ಹಿಂತಿರುಗಿ ಬರುತ್ತದೆ. ಬೆಳೆ ಕೈಕೊಟ್ಟ ವರ್ಷ ಉದ್ರಿ ಖಾತೆಯ ಬಾಕಿ ವಸೂಲಾಗುವುದಿಲ್ಲ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆದುದರಿಂದ ಸಂಶೋಧನೆಯ ತಿಳಿವಳಿಕೆ ನಮಗೆ ಅಲಂಕಾರವೂ ಅಲ್ಲ, ದಾನಧರ್ಮವೂ ಅಲ್ಲ. ಅದು ವ್ಯಾಪಾರದ ಒಂದು ಭಾಗ.

ಹತ್ತಿಯ ಪಾಠ

ಇದಕ್ಕೆ ಅತಿ ಸಮೀಪದ ನಿದರ್ಶನ ಹತ್ತಿ. ಕೇಂದ್ರ ಸರ್ಕಾರವು ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ನೀಡಿತು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ವಂಶವಾಹಿಯನ್ನು ಹತ್ತಿಗಿಡದಲ್ಲಿ ಸೇರಿಸಿ, ಕಾಯಿಕೊರಕ ಹುಳುವಿಗೆ ಗಿಡವೇ ವಿಷವಾಗುವಂತೆ ಮಾಡಿದ ತಂತ್ರಜ್ಞಾನವಿದು. ಎರಡು ವಂಶವಾಹಿಗಳುಳ್ಳ ಬೋಲ್‌ಗಾರ್ಡ್ 2 ತಳಿಗಳು 2006ರಲ್ಲಿ ಬಂದವು. ಆರಂಭದ ವರ್ಷಗಳಲ್ಲಿ ಸಿಂಪರಣೆಯ ಖರ್ಚು ಇಳಿಯಿತು. ಆದರೆ 2010ರಲ್ಲಿ ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲ ತಳಿಯ ವಿಷವನ್ನು ಅರಗಿಸಿಕೊಂಡಿರುವುದು ದೃಢಪಟ್ಟಿತು. ಮುಂದಿನ ಐದಾರು ವರ್ಷಗಳಲ್ಲಿ ಬೋಲ್‌ಗಾರ್ಡ್ 2 ಕೂಡ ಈ ಒಂದು ಹುಳುವಿನ ಮುಂದೆ ಸೋತಿತು.

ಸೋಲಿಗೆ ಕಾರಣ ಕೇವಲ ಬೀಜದಲ್ಲಿರಲಿಲ್ಲ. ಹುಳು ಬೇಗ ಪಳಗಬಾರದೆಂದು ವಿಜ್ಞಾನಿಗಳು ಒಂದು ಉಪಾಯ ಹೇಳಿದ್ದರು. ಹೊಲದ ಸುತ್ತ ಬಿಟಿ ಅಲ್ಲದ ಹತ್ತಿಯ ಸಾಲುಗಳಿರಬೇಕು. ಅಲ್ಲಿ ಬದುಕುವ ಸಾಮಾನ್ಯ ಹುಳುಗಳು ಪಳಗಿದ ಹುಳುಗಳೊಂದಿಗೆ ಕೂಡಿ ಆ ಗುಣವನ್ನು ಹರಡದಂತೆ ತಡೆಯುತ್ತವೆ. ಅದಕ್ಕಾಗಿಯೇ 450 ಗ್ರಾಂ ಬಿಟಿ ಬೀಜದೊಂದಿಗೆ 120 ಗ್ರಾಂ ಸಾದಾ ಬೀಜದ ಪ್ರತ್ಯೇಕ ಪೊಟ್ಟಣ ಬರುತ್ತಿತ್ತು. ಆ ಚಿಕ್ಕ ಪೊಟ್ಟಣದ ಗತಿ ಏನಾಯಿತೆಂಬುದು ಬೀಜ ಮಾರಿದವರಿಗೂ ಬಿತ್ತಿದವರಿಗೂ ಗೊತ್ತಿದೆ. ಅದು ಏಕೆ ಇದೆ ಎಂದು ಕಟ್ಟೆಯ ಈಚೆಯವನು ಹೇಳಲಿಲ್ಲ, ಆಚೆಯವನು ಕೇಳಲಿಲ್ಲ. ಕೊನೆಗೆ ಸಾದಾ ಬೀಜವನ್ನು ಬಿಟಿ ಬೀಜದೊಳಗೇ ಬೆರೆಸಿ ಒಂದೇ ಪೊಟ್ಟಣದಲ್ಲಿ ಕೊಡುವ ಪದ್ಧತಿ ಬರಬೇಕಾಯಿತು.

ಇನ್ನೊಂದು ಸಂಗತಿ ನೇರವಾಗಿ ನಮ್ಮ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಗುಲಾಬಿ ಕಾಯಿಕೊರಕದ ಮರಿಹುಳು ಎರಡು ಹತ್ತಿಕಾಳುಗಳನ್ನು ಅಂಟಿಸಿಕೊಂಡು ಅದರೊಳಗೆ ತಿಂಗಳುಗಟ್ಟಲೆ ನಿದ್ರಿಸಬಲ್ಲದು. ಕಾಲುವೆ ನೀರಿನ ಆಸೆಗೆ ಬೇಸಿಗೆಯವರೆಗೆ ಹೊಲದಲ್ಲಿ ಉಳಿಸಿಕೊಂಡ ಹತ್ತಿ ಅದರ ಒಂದು ಆಶ್ರಯವಾದರೆ, ಜಿನ್ನಿಂಗ್ ಕಾರ್ಖಾನೆಯ ಅಂಗಳದಲ್ಲಿ ಮುಂದಿನ ಮುಂಗಾರಿನವರೆಗೆ ಬಿದ್ದಿರುವ ಹತ್ತಿಕಾಳಿನ ರಾಶಿ ಇನ್ನೊಂದು ಆಶ್ರಯ. ಹೊಸ ಬೆಳೆ ಮೊಗ್ಗು ಬಿಡುವ ಹೊತ್ತಿಗೆ ಪತಂಗಗಳು ಅಲ್ಲಿಂದಲೇ ಹೊಲಕ್ಕೆ ಹಾರುತ್ತವೆ. ಹೀಗಾಗಿ ಕಾರ್ಖಾನೆಯ ಆವರಣದಲ್ಲಿ ಮೋಹಕ ಬಲೆ ಕಟ್ಟುವುದು, ಹತ್ತಿಕಾಳನ್ನು ಬೇಸಿಗೆಯೊಳಗೆ ಎಣ್ಣೆ ಗಿರಣಿಗೆ ಸಾಗಿಸುವುದು, ಕಸವನ್ನು ನಾಶ ಮಾಡುವುದು ಸಂಶೋಧಕರ ಮುಖ್ಯ ಸಲಹೆಗಳಲ್ಲಿ ಸೇರಿವೆ. ಇದಕ್ಕೆ ತಗಲುವ ಖರ್ಚು ಒಂದು ಲಾರಿ ಹತ್ತಿಯ ಬೆಲೆಯ ಮುಂದೆ ಗಣನೆಗೆ ಬಾರದಷ್ಟು ಅಲ್ಪ. ಹತ್ತಿ ಕೆಟ್ಟರೆ ರೈತನು ಮರುವರ್ಷ ಭತ್ತಕ್ಕೋ ತೊಗರಿಗೋ ಹೊರಳಬಲ್ಲನು. ಜಿನ್ನಿಂಗ್ ಯಂತ್ರಕ್ಕೆ ಬೇರೆ ಕಸುಬು ಕಲಿಸಲಾಗದು.

ತೊಗರಿ ಮತ್ತು ಮೆಣಸಿನಕಾಯಿ

ತೊಗರಿಯ ವಿಷಯದಲ್ಲಿ ಸಸ್ಯವಿಜ್ಞಾನ ನಮಗೆ ಇನ್ನೂ ಸಮೀಪದ್ದು. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ತೊಗರಿಯ ಸಂಪೂರ್ಣ ವಂಶವಾಹಿ ನಕ್ಷೆಯ ಕರಡು 2011ರಲ್ಲಿ ಪ್ರಕಟವಾಯಿತು. ‘ಆಶಾ’ ಎಂಬ ತಳಿಯನ್ನು ಆಧರಿಸಿದ ಆ ನಕ್ಷೆಯಲ್ಲಿ 48,680 ವಂಶವಾಹಿಗಳನ್ನು ಗುರುತಿಸಲಾಯಿತು. ಭತ್ತದ ಪಾಲಿಗೆ ಬಂದಿದ್ದ ಗೌರವ ಬಡವರ ಬೇಳೆಗೆ ಸಿಕ್ಕಿದ್ದು ಅಂದೇ. ನಕ್ಷೆಯಿಂದ ಬೇಳೆ ಬೇಯುವುದಿಲ್ಲ ಎಂದು ನಗುವವರಿದ್ದಾರೆ. ಆದರೆ 2022ರ ಮುಂಗಾರಿನಲ್ಲಿ ನೆಟೆ ರೋಗ ಕಲಬುರಗಿ ಭಾಗದ ತೊಗರಿಯನ್ನು ನಿಂತ ನಿಲುವಿನಲ್ಲೇ ಒಣಗಿಸಿದಾಗ ದಾಲ್ ಮಿಲ್ಲುಗಳಿಗೆ ಬಂದ ಆವಕದ ಕೊರತೆಯನ್ನು ನೆನೆದರೆ ನಗು ಬರಲಾರದು. ರೋಗ ತಾಳುವ ತಳಿಯನ್ನು ಹಳೆಯ ಕ್ರಮದಲ್ಲಿ ಸಿದ್ಧಪಡಿಸಲು ಹತ್ತು ಹನ್ನೆರಡು ವರ್ಷ ಬೇಕಾಗುತ್ತಿತ್ತು. ನಕ್ಷೆ ಕೈಯಲ್ಲಿದ್ದರೆ ಸಸಿಯ ಎಲೆಯನ್ನು ಪರೀಕ್ಷಿಸಿಯೇ ಬೇಕಾದ ಗುಣವಿದೆಯೇ ಎಂದು ಆರಿಸಬಹುದು.

ಅದೇ ಸಂಸ್ಥೆ 2025ರಲ್ಲಿ ಬೇಸಿಗೆಗೆ ಒಗ್ಗುವ ತೊಗರಿ ತಳಿಯೊಂದನ್ನು ಪ್ರಕಟಿಸಿತು. 45 ಡಿಗ್ರಿ ಸೆಲ್ಸಿಯಸ್ ಬಿಸಿಲನ್ನು ತಾಳಿ, ಸುಮಾರು 125 ದಿನಗಳಲ್ಲಿ ಕಟಾವಿಗೆ ಬರುವ ಈ ತಳಿಯನ್ನು ಕರ್ನಾಟಕ, ಒಡಿಶಾ ಮತ್ತು ತೆಲಂಗಾಣಗಳಲ್ಲಿ ಪರೀಕ್ಷಿಸಲಾಗಿದೆ. ಇದು ನಾಳೆಯೇ ನಮ್ಮ ಮಾರುಕಟ್ಟೆ ಪ್ರಾಂಗಣ ತುಂಬುತ್ತದೆ ಎಂದು ಯಾರೂ ತಿಳಿಯಬಾರದು. ಆದರೆ ಬೇಸಿಗೆ ತೊಗರಿ ನಮ್ಮ ನೀರಾವರಿ ಪ್ರದೇಶದಲ್ಲಿ ನೆಲೆಗೊಂಡರೆ ದಾಲ್ ಮಿಲ್ಲಿಗೆ ವರ್ಷಕ್ಕೆ ಎರಡು ಹಂಗಾಮು ದೊರೆಯುತ್ತವೆ; ಗೋದಾಮಿನ ಲೆಕ್ಕ, ಬ್ಯಾಂಕಿನ ದುಡಿಮೆ ಬಂಡವಾಳದ ಲೆಕ್ಕ, ಹಮಾಲರ ಕೂಲಿಯ ಲೆಕ್ಕ ಎಲ್ಲವೂ ಬದಲಾಗುತ್ತವೆ. ಹೊಸ ಯಂತ್ರ ಹಾಕುವ ಯೋಚನೆಯಲ್ಲಿರುವ ಉದ್ಯಮಿಗೆ ಈ ಸುದ್ದಿ ಬಜೆಟ್ ಸುದ್ದಿಯಷ್ಟೇ ಮುಖ್ಯ.

ಮೆಣಸಿನಕಾಯಿಯ ಅನುಭವ ಕಹಿಯಾದುದು. ಹೊರದೇಶದಿಂದ ಬಂದ ಒಂದು ಜಾತಿಯ ಕಪ್ಪು ಥ್ರಿಪ್ಸ್ ನುಸಿಯನ್ನು ವಿಜ್ಞಾನಿಗಳು ಬೆಂಗಳೂರಿನಲ್ಲಿ ಪಪ್ಪಾಯಿ ಗಿಡದ ಮೇಲೆ ಗುರುತಿಸಿ 2015ರಲ್ಲಿಯೇ ವರದಿ ಮಾಡಿದ್ದರು. ಆರು ವರ್ಷಗಳ ನಂತರ, 2021ರಲ್ಲಿ, ಅದು ಆಂಧ್ರ, ತೆಲಂಗಾಣ ಮತ್ತು ನಮ್ಮ ಭಾಗದ ಮೆಣಸಿನಕಾಯಿ ಹೊಲಗಳ ಹೂವಿಗೇ ಮುತ್ತಿತು. ಆಗ ಅಂಗಡಿಗಳಲ್ಲಿ ಸಿಕ್ಕ ಸಿಕ್ಕ ಔಷಧಗಳನ್ನು ಬೆರೆಸಿ ಹೊಡೆಯುವ ಭರಾಟೆ ನಡೆಯಿತು. ವಿಪರೀತ ಸಿಂಪರಣೆಯಿಂದ ನುಸಿಯನ್ನು ತಿನ್ನುವ ಮಿತ್ರ ಕೀಟಗಳೇ ಮೊದಲು ಸಾಯುತ್ತವೆ, ಬೇವಿನ ಉತ್ಪನ್ನ ಮತ್ತು ಶಿಲೀಂಧ್ರ ಆಧಾರಿತ ಜೈವಿಕ ಔಷಧಗಳನ್ನು ಹಿತಮಿತವಾಗಿ ಬಳಸಬೇಕು ಎಂದು ಸಂಶೋಧನಾ ಸಂಸ್ಥೆಗಳು ಹೇಳುತ್ತಿದ್ದವು. ಆ ಮಾತು ಹೊಲ ಮುಟ್ಟುವ ಹೊತ್ತಿಗೆ ಹೂವು ಉದುರಿತ್ತು. ಆರು ವರ್ಷಗಳ ಮುನ್ಸೂಚನೆ ವ್ಯರ್ಥವಾಯಿತಲ್ಲ ಎಂಬುದೇ ಇಲ್ಲಿನ ಖೇದ.

ಹಾವಿನ ವಿಷವೂ ರೋಗನಿರೋಧ ವಿಜ್ಞಾನವೂ

ರೋಗನಿರೋಧ ವಿಜ್ಞಾನ ಎಂದೊಡನೆ ಲಸಿಕೆಯ ನೆನಪಾಗುತ್ತದೆ. ಆದರೆ ನಮ್ಮ ಜಿಲ್ಲೆಗೆ ಅದರ ಬಹುಮುಖ್ಯ ಉಪಯೋಗ ಹಾವು ಕಡಿತದ ಚಿಕಿತ್ಸೆಯಲ್ಲಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಡಿದು ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಸತ್ತವರಲ್ಲಿ ಬಹುಪಾಲು ಜನ ಹಳ್ಳಿಯವರು, ದುಡಿಯುವ ವಯಸ್ಸಿನವರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಮರುತಿಂಗಳು ಕೇಂದ್ರ ಸರ್ಕಾರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಪ್ರಕಟಿಸಿತು.

ಇಂದಿಗೂ ಪ್ರತಿವಿಷವನ್ನು ತಯಾರಿಸುವುದು ನೂರಕ್ಕೂ ಹೆಚ್ಚು ವರ್ಷಗಳ ಹಳೆಯ ಕ್ರಮದಲ್ಲಿಯೇ. ಕುದುರೆಗೆ ವಿಷವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಲಾಗುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷ ಇದಕ್ಕೆ ಬೇಕು. ಅದು ಬಹುಮಟ್ಟಿಗೆ ತಮಿಳುನಾಡಿನ ಇರುಳಿಗರ ಸಹಕಾರ ಸಂಘದಿಂದ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಎತ್ತಿದ ಪ್ರಶ್ನೆ ಇಲ್ಲಿಯೇ ಇದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ದೇಶದ 34 ಸ್ಥಳಗಳ 115 ಕೊಳಕುಮಂಡಲ ಹಾವುಗಳ ವಿಷವನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣ ಪ್ರದೇಶದ ಹಾವುಗಳ ವಿಷದಲ್ಲಿ ಅಂಗಾಂಶವನ್ನು ಕರಗಿಸುವ ಗುಣ ಹೆಚ್ಚಾಗಿರುವುದು ಕಂಡುಬಂದಿತು. ನಮ್ಮದು ಒಣ ಪ್ರದೇಶವೇ ಎಂಬುದನ್ನು ನೆನಪಿಡಬೇಕು. ಇದೇ ತಂಡವು ಅಮೆರಿಕದ ವಿಜ್ಞಾನಿಗಳೊಡನೆ ಸೇರಿ ಕುದುರೆಯ ಹಂಗಿಲ್ಲದ ಕೃತಕ ಮಾನವ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿದೆ. ಅದು ಇಲಿಗಳ ಮೇಲೆ, ನಾಗರಹಾವು ಮತ್ತು ಕಟ್ಟುಹಾವಿನ ಬಳಗದ ಒಂದು ಬಗೆಯ ವಿಷದ ವಿರುದ್ಧ ಫಲ ನೀಡಿದೆ. ಮಂಡಲದ ವಿಷಕ್ಕೆ ಅದು ಮದ್ದಲ್ಲ.

ಹೊಸ ಮದ್ದು ಬರುವವರೆಗೆ ಕಾಯುವಂತಿಲ್ಲ. ಚೀಲಗಳ ತಳದಲ್ಲಿ ಇಲಿ, ಇಲಿಯ ಹಿಂದೆ ಹಾವು ಎಂಬುದು ಪ್ರತಿ ಗೋದಾಮಿನ ಕಥೆ. ರಾತ್ರಿ ವೇಳೆ ಬರಿಗಾಲಲ್ಲಿ ಚೀಲ ಹೊರುವ ಹಮಾಲನಿಗೆ ಬೆಳಕು ಮತ್ತು ಬೂಟು ಒದಗಿಸುವುದು, ಕಡಿದ ಜಾಗವನ್ನು ಬಿಗಿದು ಕಟ್ಟದೆ, ಕೊಯ್ಯದೆ, ಮಂತ್ರದವರ ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಸಾಗಿಸುವುದು ಇಂದೇ ಆಗಬಹುದಾದ ಕೆಲಸ. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಲಭ್ಯವಿದೆ ಎಂಬ ಫಲಕ ಪ್ರತಿ ಮಾರುಕಟ್ಟೆ ಪ್ರಾಂಗಣದಲ್ಲಿರಬೇಕು.

ಗಿರಣಿಯ ಸದ್ದು ಮತ್ತು ಮೆದುಳು

ನರವಿಜ್ಞಾನಕ್ಕೂ ಗಿರಣಿಗೂ ಏನು ನಂಟು ಎಂದರೆ ಉತ್ತರ ಕಿವಿಯಲ್ಲಿದೆ. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ನೀಡಿದ ವರದಿಯು ತಡೆಯಬಹುದಾದ ಅಥವಾ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಅವೆಲ್ಲವನ್ನೂ ನಿವಾರಿಸಿದರೆ ಶೇಕಡ 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಕಿವುಡುತನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ತಲೆಗೆ ಬೀಳುವ ಪೆಟ್ಟು, ಮಲಿನ ಗಾಳಿ, ಒಂಟಿತನ ಇವು ಆ ಪಟ್ಟಿಯಲ್ಲಿವೆ. ಅಕ್ಕಿ ಗಿರಣಿ, ದಾಲ್ ಮಿಲ್, ಜಿನ್ನಿಂಗ್ ಕಾರ್ಖಾನೆಗಳ ಕಾರ್ಮಿಕನ ದಿನಚರಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ವಿವರಣೆ ಬೇಡ. ಒಂದು ಮಾರು ದೂರದಲ್ಲಿ ನಿಂತವನ ಮಾತು ಕೇಳಲು ಕೂಗಬೇಕಾದಷ್ಟು ಸದ್ದಿದ್ದರೆ ಅದು ಕಿವಿಗೆ ಹಾನಿ ಮಾಡುವ ಸದ್ದು.

ನಮ್ಮ ರಾಜ್ಯದಲ್ಲಿಯೇ ಈ ಕುರಿತು ದೊಡ್ಡ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ 10,000 ಗ್ರಾಮೀಣರನ್ನು ವರ್ಷಾನುವರ್ಷ ಪರೀಕ್ಷಿಸುವ ಅಧ್ಯಯನವನ್ನು ಕೈಗೊಂಡಿದೆ. ಈ ಕೇಂದ್ರ ಹುಟ್ಟಿದ್ದು ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ನೀಡಿದ 225 ಕೋಟಿ ರೂಪಾಯಿಗಳ ಕೊಡುಗೆಯಿಂದ. ನಮ್ಮಲ್ಲಿ ಯಾರಿಗೂ ಅಷ್ಟು ಶಕ್ತಿಯಿಲ್ಲ. ಆದರೆ ವ್ಯಾಪಾರದಲ್ಲಿ ಗಳಿಸಿದ ಹಣ ಸಂಶೋಧನೆಗೆ ಸಂದ ಉದಾಹರಣೆ ನಾಡಿನಲ್ಲಿ ಉಂಟು ಎಂಬುದನ್ನು ಮರೆಯಬಾರದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ ಜೆ. ಎನ್. ಟಾಟಾ ಅವರ ದಾನದಿಂದ 1909ರಲ್ಲಿ ಆರಂಭವಾದುದು.

ಮೆದುಳಿನ ವಿಷಯ ವರ್ತಕರ ಮನೆಗೂ ಸಂಬಂಧಿಸಿದೆ. ಎಷ್ಟೋ ಅಂಗಡಿಗಳ ಕೊಡುಕೊಳ್ಳುವಿಕೆ ಹಿರಿಯರೊಬ್ಬರ ನೆನಪಿನಲ್ಲಿ ಮಾತ್ರ ಇರುತ್ತದೆ. ಅವರಿಗೆ ಮರೆವು ಆವರಿಸಿದ ದಿನ ಕುಟುಂಬದ ಜೊತೆಗೆ ವ್ಯವಹಾರವೂ ದಿಕ್ಕು ತಪ್ಪುತ್ತದೆ. ಮಾತು ಮರೆಯುವುದು, ಒಂದೇ ಬಿಲ್ಲನ್ನು ಎರಡು ಬಾರಿ ಸಂದಾಯ ಮಾಡುವುದು ಇವನ್ನು ವಯಸ್ಸಿನ ಸಹಜ ಗುಣವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಜೊತೆಗೆ ಬಾಯಿಮಾತಿನ ಲೆಕ್ಕವನ್ನು ಕಾಗದಕ್ಕೆ ಇಳಿಸಿಡಬೇಕು.

ಕ್ವಾಂಟಮ್ ಎಂಬ ಹೊಸ ಬೀಗದ ಕೈ

ನಾಲ್ಕರಲ್ಲಿ ಅತಿ ದೂರದ್ದೆಂದು ತೋರುವುದು ಕ್ವಾಂಟಮ್ ಭೌತವಿಜ್ಞಾನ. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಮ್ ಗಣಕದ ಕೇಂದ್ರ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದೆ. ವಿಶ್ವಸಂಸ್ಥೆ 2025ನ್ನು ಕ್ವಾಂಟಮ್ ವರ್ಷವೆಂದು ಆಚರಿಸಿತು. ಆ ವರ್ಷದ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯೂ ಈ ಗಣಕಗಳಿಗೆ ತಳಹದಿ ಹಾಕಿದ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರಿಗೆ ಸಂದಿತು.

ವರ್ತಕನಿಗೆ ಇದರಲ್ಲಿರುವ ವಿಷಯ ಒಂದೇ: ಬೀಗ. ಬ್ಯಾಂಕಿನ ಹಣ ವರ್ಗಾವಣೆ, ಜಿಎಸ್‌ಟಿ ವಿವರಣೆ, ಮಾರುಕಟ್ಟೆಯ ಆನ್‌ಲೈನ್ ಟೆಂಡರ್ ಇವೆಲ್ಲ ಗಣಿತದ ಬೀಗದಿಂದ ಭದ್ರವಾಗಿವೆ. ಅತಿ ದೊಡ್ಡ ಸಂಖ್ಯೆಯೊಂದನ್ನು ಅದರ ಎರಡು ಅಪವರ್ತನಗಳಾಗಿ ಒಡೆಯುವುದು ಇಂದಿನ ಗಣಕಗಳಿಗೆ ಅಸಾಧ್ಯಪ್ರಾಯ ಎಂಬುದೇ ಆ ಬೀಗದ ಬಲ. ಶಕ್ತಿಶಾಲಿ ಕ್ವಾಂಟಮ್ ಗಣಕ ಸಿದ್ಧವಾದರೆ ಈ ಬೀಗ ತೆರೆಯಬಹುದೆಂದು ಪೀಟರ್ ಶೋರ್ ಎಂಬ ಗಣಿತಜ್ಞ 1994ರಲ್ಲಿಯೇ ತೋರಿಸಿಕೊಟ್ಟನು. ಅಂತಹ ಗಣಕ ಇನ್ನೂ ಬಂದಿಲ್ಲ. ಆದರೂ ಕಳ್ಳನು ಇಂದು ಪೆಟ್ಟಿಗೆಯನ್ನೇ ಹೊತ್ತೊಯ್ದು, ಬೀಗದ ಕೈ ಸಿಕ್ಕ ದಿನ ತೆರೆಯಬಲ್ಲನಲ್ಲವೇ? ಈ ಕಾರಣದಿಂದ ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಕ್ವಾಂಟಮ್ ಗಣಕಕ್ಕೂ ಜಗ್ಗದ ಮೂರು ಹೊಸ ಬೀಗಗಳ ಮಾನಕಗಳನ್ನು ಪ್ರಕಟಿಸಿತು. ಬೀಗ ಬದಲಿಸುವ ಕೆಲಸ ಬ್ಯಾಂಕುಗಳದು, ತಂತ್ರಾಂಶ ಕಂಪನಿಗಳದು. ನಾವು ಮಾಡಬೇಕಾದುದು ಅವರನ್ನು ಪ್ರಶ್ನಿಸುವುದು ಮತ್ತು ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸಿಕೊಳ್ಳುವುದು ಮಾತ್ರ. ಇಂದಿನ ಮೋಸಗಳಿಗೆ ಕ್ವಾಂಟಮ್ ಬೇಕಾಗಿಯೇ ಇಲ್ಲ. ಫೋನಿನಲ್ಲಿ ಓಟಿಪಿ ಹೇಳಿಬಿಡುವ ಗುಮಾಸ್ತನೊಬ್ಬ ಸಾಕು.

ಹೆಸರು ಮಾರುವವರ ಬಗ್ಗೆ ಎಚ್ಚರ

ಸಂಶೋಧನೆ ನಮ್ಮ ಪೇಟೆಗೆ ಬರುವ ಮೊದಲೇ ಅದರ ಹೆಸರು ಬಂದುಬಿಡುತ್ತದೆ. ಕೊರೊನಾ ಕಾಲದಲ್ಲಿ ‘ರೋಗನಿರೋಧಕ ಶಕ್ತಿ’ ಎಂಬ ಪದ ಅಂಟಿಸಿದ ಪುಡಿ, ಕಷಾಯ, ಬಿಸ್ಕತ್ತುಗಳೆಲ್ಲ ಮಾರಾಟವಾದವು. ರೋಗನಿರೋಧ ವ್ಯವಸ್ಥೆಯು ಹೆಚ್ಚಿದಷ್ಟೂ ಒಳ್ಳೆಯದೆಂಬುದು ವಿಜ್ಞಾನಕ್ಕೆ ವಿರುದ್ಧವಾದ ಮಾತು. 2025ರ ವೈದ್ಯಕೀಯ ನೊಬೆಲ್ ಪಡೆದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಕಂಡುಹಿಡಿದದ್ದು ಆ ವ್ಯವಸ್ಥೆಗೆ ಲಗಾಮು ಹಾಕುವ ಕೋಶಗಳನ್ನು. ಲಗಾಮು ಸಡಿಲಾದರೆ ದೇಹವು ತನ್ನನ್ನೇ ತಿನ್ನತೊಡಗುತ್ತದೆ. ಕೀಲುವಾತದ ಕೆಲವು ಬಗೆಗಳು, ಮಕ್ಕಳಲ್ಲಿ ಬರುವ ಸಕ್ಕರೆ ಕಾಯಿಲೆ ಇದರ ಫಲಗಳು. ಪರೀಕ್ಷೆಯ ಕಾಲಕ್ಕೆ ನೆನಪಿನ ಶಕ್ತಿಯ ಟಾನಿಕ್, ಮಂಡಿ ನೋವಿಗೆ ‘ಕ್ವಾಂಟಮ್’ ಪದಕ, ನುಸಿ ಬಂದಾಗ ನೋಂದಣಿ ಸಂಖ್ಯೆಯೇ ಇಲ್ಲದ ‘ಜೈವಿಕ’ ಔಷಧ ಇವೂ ಅದೇ ಜಾತಿಯವು.

ಮಾರುವವನು ನಾನಲ್ಲದಿದ್ದರೆ ಪಕ್ಕದ ಅಂಗಡಿಯವನು ಮಾರುತ್ತಾನೆ ಎಂಬ ವಾದ ಹಳೆಯದು. ಈ ವಾದದಿಂದ ಒಂದು ಹಂಗಾಮಿನ ಲಾಭ ದಕ್ಕಬಹುದು. ಆದರೆ ಮೂರು ತಲೆಮಾರು ಒಂದೇ ಅಂಗಡಿಗೆ ಬರುವ ಗಿರಾಕಿಯ ನಂಬಿಕೆ ನಮ್ಮ ಊರುಗಳ ದೊಡ್ಡ ಬಂಡವಾಳ. ಆ ಬಂಡವಾಳ ಕರಗಿದರೆ ಯಾವ ಬ್ಯಾಂಕೂ ಅದನ್ನು ಸಾಲವಾಗಿ ಕೊಡದು.

ವಿದ್ವಾಂಸರ ಋಣ

ದೋಷವೆಲ್ಲ ವರ್ತಕರದೇ ಎನ್ನುವುದು ನ್ಯಾಯವಲ್ಲ. ನಮ್ಮ ನೆಲದಿಂದ ಮಾದರಿ ಒಯ್ದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಮುಗಿಸುವ ಪದ್ಧತಿ ವಿದ್ವಾಂಸರಲ್ಲಿ ಬೇರೂರಿದೆ. ಹುಣಸಗಿ ಸಮೀಪದ ಇಸಾಂಪುರವನ್ನೇ ನೋಡಬಹುದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ನಡೆಸಿದ ಉತ್ಖನನದಲ್ಲಿ ಆದಿಮಾನವರು ಸುಣ್ಣದ ಕಲ್ಲಿನ ಹಾಸನ್ನು ಒಡೆದು ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಕಾರ್ಯಾಗಾರವೇ ಸಿಕ್ಕಿತು. ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು 2002ರಲ್ಲಿ ಪ್ರಕಟವಾಯಿತು. ಭಾರತದ ಅತಿ ಪ್ರಾಚೀನ ತಯಾರಿಕಾ ತಾಣಗಳಲ್ಲಿ ಒಂದು ನಮ್ಮ ಜಿಲ್ಲೆಯಲ್ಲಿದೆ ಎಂಬುದು ಜಗತ್ತಿನ ಪ್ರಾಕ್ತನ ವಿದ್ವಾಂಸರಿಗೆ ಗೊತ್ತಿದೆ. ಸುರಪುರದ ಸಂತೆಗೆ ಬರುವವರಲ್ಲಿ ಎಷ್ಟು ಜನ ಬಲ್ಲರು? ಈ ಜಿಲ್ಲೆಯ ಮಣ್ಣು, ಬೀಜ, ರಕ್ತ, ಕಲ್ಲು ಏನನ್ನೇ ಒಯ್ದ ಸಂಶೋಧಕನು ಫಲಿತಾಂಶವನ್ನು ಕನ್ನಡದಲ್ಲಿ ಒಂದು ಪುಟವಾದರೂ ಬರೆದು ಹಿಂತಿರುಗಿಸಬೇಕು. ಈ ಬೇಡಿಕೆಯನ್ನು ನಮ್ಮ ಸಂಸ್ಥೆ ವಿಶ್ವವಿದ್ಯಾಲಯಗಳ ಮುಂದಿಡಲು ಯಾವ ಸಂಕೋಚವೂ ಬೇಡ.

ಸಂಸ್ಥೆಯ ಮುಂದಿಡುವ ಸಲಹೆಗಳು

ಯಾದಗಿರಿ 2009ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2018ರಲ್ಲಿ ನೀತಿ ಆಯೋಗವು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಅದರಲ್ಲಿ ಸೇರಿದವು ರಾಯಚೂರು ಮತ್ತು ಯಾದಗಿರಿ ಎರಡೇ. ಹಿಂದುಳಿದವರೆಂಬ ಮಾತು ಕೇಳಿ ನಮಗೆ ರೂಢಿಯಾಗಿದೆ. ಆದರೆ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯ ಶಹಾಪುರದ ಮಗ್ಗುಲಲ್ಲೇ ಭೀಮರಾಯನಗುಡಿಯಲ್ಲಿದೆ; ಕೃಷಿ ವಿಜ್ಞಾನ ಕೇಂದ್ರ ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿದೆ; ವೈದ್ಯಕೀಯ ಮಹಾವಿದ್ಯಾಲಯ ಯಾದಗಿರಿಯಲ್ಲಿದೆ. ವಿದ್ಯೆ ನಮ್ಮ ಬಾಗಿಲಿಗೆ ಬಂದಿದೆ. ಬಾಗಿಲು ತೆರೆಯುವ ಕೆಲಸ ಬಾಕಿ ಇದೆ. ಈ ದಿಸೆಯಲ್ಲಿ ಐದು ಸಲಹೆಗಳನ್ನು ಸವಿನಯವಾಗಿ ಮುಂದಿಡಲಾಗಿದೆ.

1. ಪ್ರತಿ ವರ್ಷ ಮುಂಗಾರು ಬಿತ್ತನೆಗೆ ಮುನ್ನ, ಮೇ ತಿಂಗಳಲ್ಲಿ, ಭೀಮರಾಯನಗುಡಿ ಮತ್ತು ಕವಡಿಮಟ್ಟಿಯ ವಿಜ್ಞಾನಿಗಳೊಂದಿಗೆ ಬೀಜ, ಗೊಬ್ಬರ, ಔಷಧ ವರ್ತಕರ ಒಂದು ದಿನದ ಸಮಾಲೋಚನೆ ನಡೆಯಲಿ. ಸನ್ಮಾನ, ಹಾರ ತುರಾಯಿ ಬೇಡ. ಪ್ರಶ್ನೋತ್ತರ ಮಾತ್ರ ಇರಲಿ. ಅದರ ಸಾರಾಂಶ ಈ ಪತ್ರಿಕೆಯ ಜೂನ್ ಸಂಚಿಕೆಯಲ್ಲಿ ಬರಲಿ.

2. ಜಿನ್ನಿಂಗ್ ಕಾರ್ಖಾನೆಗಳೆಲ್ಲ ಒಟ್ಟಾಗಿ ಮೋಹಕ ಬಲೆ ಅಳವಡಿಸಿ, ಬೇಸಿಗೆಯೊಳಗೆ ಹತ್ತಿಕಾಳು ಖಾಲಿ ಮಾಡುವ ನಿರ್ಣಯ ಕೈಗೊಳ್ಳಲಿ. ಒಬ್ಬರು ಮಾಡಿ ಇನ್ನೊಬ್ಬರು ಬಿಟ್ಟರೆ ಫಲವಿಲ್ಲ.

3. ನೋಂದಣಿ ಸಂಖ್ಯೆ ಮತ್ತು ಪಕ್ಕಾ ಬಿಲ್ಲಿಲ್ಲದ ಯಾವ ಔಷಧವನ್ನೂ ಸದಸ್ಯರು ಮಾರುವುದಿಲ್ಲವೆಂಬ ಫಲಕ ಅಂಗಡಿಗಳಲ್ಲಿ ತೂಗಲಿ.

4. ವೈದ್ಯಕೀಯ ಮಹಾವಿದ್ಯಾಲಯದ ನೆರವಿನಿಂದ ಗಿರಣಿ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಕಿವಿ, ರಕ್ತದೊತ್ತಡ, ಸಕ್ಕರೆ ತಪಾಸಣೆ ನಡೆಯಲಿ. ಕಿವಿ ರಕ್ಷಕ ಮತ್ತು ಮುಖಗವಸು ಕೊಡುವುದು ಮಾಲೀಕರ ಹೊಣೆಯಾಗಲಿ.

5. ಸಂಸ್ಥೆಯ ಸದಸ್ಯತ್ವ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ತೆಗೆದಿರಿಸಿ, ನಮ್ಮದೇ ಪ್ರಶ್ನೆಗಳ ಮೇಲೆ ಸಂಶೋಧನೆ ಮಾಡುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೆರವು ನೀಡಲಿ. ನಮ್ಮ ಕಾರ್ಖಾನೆಗಳ ಅಂಗಳದಿಂದ ಎಷ್ಟು ಪತಂಗಗಳು ಹಾರುತ್ತವೆ, ನಮ್ಮ ದಾಲ್ ಮಿಲ್ಲುಗಳ ಸದ್ದು ಎಷ್ಟು, ನಮ್ಮ ಗೋದಾಮುಗಳಲ್ಲಿ ತೊಗರಿಗೆ ಹುಳು ಬೀಳುವುದು ಯಾವ ತಿಂಗಳಲ್ಲಿ ಎಂಬ ಪ್ರಶ್ನೆಗಳಿಗೆ ಬೆಂಗಳೂರಿನವರು ಉತ್ತರ ಹುಡುಕಿಕೊಡಲಾರರು.

ಇವೆಲ್ಲ ಸರ್ಕಾರದ ಕೆಲಸವಲ್ಲವೇ ಎಂಬ ಆಕ್ಷೇಪ ಬರುವುದು ಖಚಿತ. ಸರ್ಕಾರದ ಹೊಣೆಯನ್ನು ಅದು ಹೊರಲಿ. ಅದಕ್ಕಾಗಿ ಒತ್ತಾಯಿಸುವ ಹಕ್ಕನ್ನು ನಾವು ಬಿಟ್ಟುಕೊಡಬೇಕಿಲ್ಲ. ಆದರೆ ಹುಳು ಬಿದ್ದ ವರ್ಷ ಖಾತೆ ಪುಸ್ತಕದಲ್ಲಿ ಉಳಿಯುವ ಬಾಕಿ ಸರ್ಕಾರದ್ದಲ್ಲ, ನಮ್ಮದು. ಕಾಯಿಲೆ ಬಿದ್ದ ಕುಶಲ ಕಾರ್ಮಿಕನ ಜಾಗ ಖಾಲಿಯಾಗುವುದೂ ನಮ್ಮ ಗಿರಣಿಯಲ್ಲಿಯೇ. ಬರುವ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ಐದು ಅಂಶಗಳನ್ನು ಸೇರಿಸಿ, ಮೊದಲ ಸಮಾಲೋಚನೆಯ ದಿನಾಂಕವನ್ನು ಅಲ್ಲಿಯೇ ನಿಗದಿಪಡಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ. ಸದಸ್ಯ ಬಂಧುಗಳು ತಮ್ಮ ಒಪ್ಪಿಗೆಯನ್ನಾಗಲಿ ಆಕ್ಷೇಪವನ್ನಾಗಲಿ ಈ ಪತ್ರಿಕೆಗೆ ಬರೆದು ತಿಳಿಸಿದರೆ ಚರ್ಚೆ ಮುಂದುವರಿಯಲು ಅನುಕೂಲವಾಗುವುದು.